ಡೆಬಿಯನ್ ಸ್ಟೇಬಲ್‌ನಲ್ಲಿ (ಡೆಬಿಯನ್ ಲಿನಕ್ಸ್‌ನ ಸ್ಥಿರ ರಿಲೀಸ್) ಪ್ರೊಎಫ್‌ಟಿಪಿಡಿ (ಫೈಲ್ ಸಾಗಿಸುವ ಎಫ್‌ಟಿಪಿ ಸರ್ವರ್ ಸಾಫ್ಟ್‌ವೇರ್) ಹಳೇ ವರ್ಷನ್ನೇ ಇದೆ, ಬಳಸಬಹುದಾ?

ಬಳಸಬಹುದು. ಆ ರಿಲೀಸ್‌ಗೆ ಇನ್ನೂ ಸಪೋರ್ಟ್ ಇರಬೇಕು, ನೀವು ಅಪ್‌ಡೇಟ್ ಹಾಕುತ್ತಿರಬೇಕು, ಅಷ್ಟೇ. ನಂಬರ್ ಹಳೆಯದಾದರೂ ಭದ್ರತಾ ದೋಷಗಳನ್ನು ಸರಿಪಡಿಸುತ್ತಿರುತ್ತಾರೆ.

ಪೂರ್ತಿ ಹೊಸ ವರ್ಷನ್ ತಂದರೆ ಹೊಸ ತಕರಾರುಗಳೂ ಜೊತೆಗೆ ಬರುತ್ತವೆ. ಚೆನ್ನಾಗಿ ಓಡುತ್ತಿದ್ದ ಸರ್ವರ್ ರಾತ್ರೋರಾತ್ರಿ ಕೈಕೊಟ್ಟರೆ ಯಾರಿಗೆ ಬೇಕು, ಅಲ್ವಾ? ಅದಕ್ಕೇ ಪ್ಯಾಕೇಜ್ ನೋಡಿಕೊಳ್ಳುವವರು ದೋಷ ಸರಿಪಡಿಸುವ ಸಾಲುಗಳನ್ನಷ್ಟೇ ಆರಿಸಿ ಹಳೇ ಕೋಡ್‌ಗೆ ಸೇರಿಸುತ್ತಾರೆ. ಇದೇ ಬ್ಯಾಕ್‌ಪೋರ್ಟ್.

ಉದಾಹರಣೆಗೆ, 2015ರಲ್ಲಿ ಪ್ರೊಎಫ್‌ಟಿಪಿಡಿಯ ಮಾಡ್_ಕಾಪಿ ಮಾಡ್ಯೂಲ್‌ನಲ್ಲಿ, ಲಾಗಿನ್ ಆಗದೆಯೇ ಸರ್ವರ್‌ನ ಫೈಲ್‌ಗಳನ್ನು ಕಾಪಿ ಮಾಡಬಹುದಾದ ದೋಷ ಸಿಕ್ಕಿತು. ಅದನ್ನು ಸರಿಪಡಿಸಿದ ಮೇಲೂ ಡೆಬಿಯನ್ 8ರಲ್ಲಿ ವರ್ಷನ್ 1.3.5 ಆಗಿಯೇ ಉಳಿಯಿತು. ಕೊನೆಗೆ ‘ಡೆಬ್8ಯು1’ ಎಂಬ ಬಾಲ ಸೇರಿತು. ಭದ್ರತಾ ದೋಷ ಹುಡುಕುವ ಎಷ್ಟೋ ಸ್ಕ್ಯಾನರ್‌ಗಳು ಈ ಬಾಲ ನೋಡದೆ ಸುಮ್ನೆ ಹೆದರಿಸುತ್ತವೆ. ‘ಆಪ್ಟ್ ಚೇಂಜ್‌ಲಾಗ್’ ಕಮಾಂಡನ್ನು ಪ್ಯಾಕೇಜ್ ಹೆಸರಿನೊಂದಿಗೆ ಕೊಟ್ಟರೆ ಯಾವ್ಯಾವ ತೂತು ಮುಚ್ಚಿದ್ದಾರೆ ಎಂದು ಕಾಣುತ್ತದೆ.