ವಾರ್ಡಿನಿಂದ ಬಂದ ಪ್ರಶ್ನೆಗೆ ಗ್ರಂಥಾಲಯದ ಉತ್ತರ

ಪ್ರಶ್ನೆ: ನಾನು ಆಸ್ಪತ್ರೆಯ ಗ್ರಂಥಪಾಲಕಿ. ವೈದ್ಯರು ಫೋನ್ ಮಾಡಿ, ‘ಸೆಪ್ಸಿಸ್‌ನಲ್ಲಿ ಸ್ಟೀರಾಯ್ಡ್ ಬಗ್ಗೆ ಏನಿದೆಯೋ ಎಲ್ಲ ಕಳಿಸಿ’ ಅನ್ನುತ್ತಾರೆ (ಸೆಪ್ಸಿಸ್ ಅಂದರೆ ಸೋಂಕಿಗೆ ದೇಹ ಹದತಪ್ಪಿ ಪ್ರತಿಕ್ರಿಯಿಸಿ ಅಂಗಗಳು ಕೆಡುವ ಸ್ಥಿತಿ). ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕಿದರೆ ಸಾವಿರಗಟ್ಟಲೆ ಲೇಖನ ಸಿಗುತ್ತವೆ. ಫಿಲ್ಟರ್ ಹಾಕಿದರೆ ಹೊಸ ಲೇಖನಗಳೇ ಕಾಣೆಯಾಗುತ್ತವೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಅರ್ಧ ತಪ್ಪು ಫೋನಿನಲ್ಲೇ ಆಗಿಹೋಗಿರುತ್ತದೆ. ‘ಎಲ್ಲ ಕಳಿಸಿ’ ಅಂದವರಿಗೆ ಬೇಕಾಗಿರುವುದು ಎಲ್ಲವೂ ಅಲ್ಲ, ಎದುರಿಗಿರುವ ರೋಗಿಗೆ ಹೊಂದುವಂಥದ್ದು. ಫೋನ್ ಇಡುವ ಮೊದಲೇ ಕೇಳಿಬಿಡಿ: ರೋಗಿ ವಯಸ್ಕರೋ ಮಗುವೋ, ಬರೀ ಸೆಪ್ಸಿಸ್ಸೋ ರಕ್ತದೊತ್ತಡ ಕುಸಿದ ಸೆಪ್ಟಿಕ್ ಶಾಕೋ, ಯಾವ ಸ್ಟೀರಾಯ್ಡ್, ಯಾವುದರ ಜೊತೆ ಹೋಲಿಕೆ, ಯಾವ ಫಲಿತಾಂಶ ಮುಖ್ಯ, ಎಷ್ಟು ಹೊತ್ತಿನೊಳಗೆ ಬೇಕು. ಈಗಾಗಲೇ ಏನು ಓದಿದ್ದಾರೆ ಅನ್ನುವುದನ್ನೂ ಕೇಳಿ, ಅದನ್ನೇ ಮತ್ತೆ ಕಳಿಸುವುದು ತಪ್ಪುತ್ತದೆ.

ಹುಡುಕುವಾಗ ಪ್ರತಿ ವಿಷಯವನ್ನೂ ಎರಡು ದಾರಿಯಲ್ಲಿ ಹಿಡಿಯಬೇಕು. ಒಂದು, ಮೆಶ್ ಪಟ್ಟಿಯ (ಲೇಖನದ ವಿಷಯ ಗುರುತಿಸಲು ಪಬ್‌ಮೆಡ್‌ನಲ್ಲಿ ಬಳಸುವ ನಿಗದಿತ ಪದಗಳ ಪಟ್ಟಿ) ವಿಷಯಪದ. ಇನ್ನೊಂದು, ಲೇಖಕರು ಶೀರ್ಷಿಕೆಯಲ್ಲೋ ಸಾರಾಂಶದಲ್ಲೋ ಬಳಸುವ ಮಾತು. ಇವೆರಡನ್ನು ‘ಆರ್’ (OR) ನಿಂದ ಜೋಡಿಸಿ ಆವರಣದಲ್ಲಿಡಿ, ರೋಗದ ಗುಂಪು, ಔಷಧದ ಗುಂಪು ಎರಡನ್ನೂ ‘ಆ್ಯಂಡ್’ (AND) ನಿಂದ ಕೂಡಿಸಿ. ಈ ಜೋಡಣೆಯ ಪದಗಳನ್ನು ದೊಡ್ಡ ಅಕ್ಷರದಲ್ಲೇ ಟೈಪ್ ಮಾಡಬೇಕು. ಚಿಕಿತ್ಸೆಯ ಫಲಿತಾಂಶದ ಪದಗಳನ್ನು ಮೊದಲ ಸಲ ಹಾಕಬೇಡಿ. ಸಾವಿನ ಪ್ರಮಾಣವನ್ನು ಅಳೆದಿದ್ದರೂ ಎಷ್ಟೋ ಲೇಖಕರು ಸಾರಾಂಶದಲ್ಲಿ ಅದನ್ನು ಬರೆದಿರುವುದಿಲ್ಲ, ಅಂಥ ಅಧ್ಯಯನ ಕೈತಪ್ಪುತ್ತದೆ. ಇನ್ನು ಉದ್ಧರಣ ಚಿಹ್ನೆ, ನಕ್ಷತ್ರ ಚಿಹ್ನೆ: ಇವನ್ನು ಬಳಸಿದ ಪದಕ್ಕೆ ಪಬ್‌ಮೆಡ್ ತಾನಾಗಿ ಸಮಾನಪದ ಹುಡುಕುವುದನ್ನು ನಿಲ್ಲಿಸುತ್ತದೆ. ಸಿಗುವ ಲೇಖನಗಳ ಸಂಖ್ಯೆ ಏಕಾಏಕಿ ಕುಗ್ಗಿದರೆ ಮೊದಲು ಇಲ್ಲಿ ನೋಡಿ.

ಹೊಸ ಲೇಖನ ಮಾಯವಾಗಲು ಕಾರಣ ಬೇರೆ. ‘ಮಾನವರು’, ‘ವಯಸ್ಸು’ ಎಂಬ ಫಿಲ್ಟರ್‌ಗಳು ಮೆಶ್ ಪದಗಳನ್ನು ನೋಡಿಯೇ ಆರಿಸುತ್ತವೆ. ಮೆಶ್ ಪದ ಇನ್ನೂ ಸೇರದ ದಾಖಲೆಗಳು, ಎಂದೂ ಸೇರದವು, ಎಲ್ಲವೂ ಆಚೆ ಬೀಳುತ್ತವೆ. ಆ ಗುಂಡಿ ಒತ್ತುವ ಬದಲು, ‘ಪ್ರಾಣಿಗಳು’ ಎಂಬ ಮೆಶ್ ಪದ ಇದ್ದು ‘ಮಾನವರು’ ಎಂಬ ಪದ ಇಲ್ಲದ ದಾಖಲೆಗಳನ್ನಷ್ಟೇ ‘ನಾಟ್’ (NOT) ಹಾಕಿ ತೆಗೆಯಿರಿ. ಪದವೇ ಸೇರದ ಹೊಸ ಲೇಖನಗಳು ಆಗ ಉಳಿಯುತ್ತವೆ.

ಕಳಿಸುವಾಗ 60 ಲೇಖನ ಬೇಡ, ಐದಾರು ಸಾಕು. ಮೊದಲು ಕಾಕ್ರೇನ್ ಸಂಸ್ಥೆ ಹೊರತರುವಂಥ ಕ್ರಮಬದ್ಧ ವಿಮರ್ಶೆ, ಅಂದರೆ ಒಂದೇ ಪ್ರಶ್ನೆಯ ಅಧ್ಯಯನಗಳನ್ನೆಲ್ಲ ಹುಡುಕಿ ಒಟ್ಟಾಗಿ ತೂಗಿದ ಲೇಖನ. ಅದರ ಹುಡುಕಾಟ ಯಾವ ತಿಂಗಳಿಗೆ ಮುಗಿದಿದೆ ಎಂದು ನೋಡಿ, ಆಮೇಲೆ ಬಂದ ಪ್ರಯೋಗಗಳನ್ನು ಸೇರಿಸಿ. ಲೇಖನವನ್ನು ಹಿಂತೆಗೆದುಕೊಂಡ ಸೂಚನೆಯಾಗಲಿ ತಿದ್ದುಪಡಿಯಾಗಲಿ ಇದೆಯೇ ಎಂದು ಪ್ರತಿಯೊಂದಕ್ಕೂ ಪರೀಕ್ಷಿಸಲೇಬೇಕು. ಹುಡುಕಿದ ಸಾಲು, ಹುಡುಕಿದ ತಾರೀಖು ಎರಡನ್ನೂ ಜೊತೆಗಿಡಿ. ಯಾವ ಔಷಧ ಕೊಡಬೇಕೆಂಬ ತೀರ್ಮಾನ ಮಾತ್ರ ವೈದ್ಯರದ್ದು.

ಪ್ರಶ್ನೆ: ನಿವೃತ್ತ ವೈದ್ಯರು ಕೊಟ್ಟ ಹಳೆಯ ಪುಸ್ತಕಗಳಿಂದ ಕಪಾಟು ತುಂಬಿದೆ. ಎಸೆಯಲು ಮನಸ್ಸು ಬರುವುದಿಲ್ಲ. ಯಾವುದನ್ನು ತೆಗೆಯಬೇಕು?

ಉತ್ತರ: ಔಷಧಶಾಸ್ತ್ರ, ಚಿಕಿತ್ಸೆ, ತುರ್ತು ಆರೈಕೆ, ನರ್ಸಿಂಗ್ ವಿಧಾನ: ಇವುಗಳ ಹೊಸ ಆವೃತ್ತಿ ಬಂದ ದಿನವೇ ಹಳೆಯದು ಹೊರಗೆ ಹೋಗಬೇಕು. ರಾತ್ರಿ ಪಾಳಿಯಲ್ಲಿ ಬಂದವರು ಆವೃತ್ತಿ ನೋಡುವುದಿಲ್ಲ, ಮೊದಲು ಕೈಗೆ ಸಿಕ್ಕ ಪುಸ್ತಕದಲ್ಲಿ ಡೋಸ್ ನೋಡುತ್ತಾರೆ. ಅಂಗರಚನಾಶಾಸ್ತ್ರದ ಪುಸ್ತಕ ಇನ್ನಷ್ಟು ಕಾಲ ಬಾಳುತ್ತದೆ. ನಿಜಕ್ಕೂ ಐತಿಹಾಸಿಕ ಬೆಲೆಯಿರುವುದನ್ನು ಬೀಗದ ಕಪಾಟಿನಲ್ಲಿ, ‘ಚಿಕಿತ್ಸೆಗೆ ಬಳಸಬಾರದು’ ಎಂಬ ಚೀಟಿ ಹಚ್ಚಿ ಇಡಿ.

ಹೆಚ್ಚು ಅಪಾಯ ಇರುವುದು ಗ್ರಂಥಾಲಯದ ಹೊರಗೆ. ವಾರ್ಡಿನ ನರ್ಸ್‌ಗಳ ಮೇಜಿನ ಮೇಲೆ ಕುಳಿತ ಪುಸ್ತಕವನ್ನು ಎಲ್ಲರೂ ಮರೆತಿರುತ್ತಾರೆ. ಪುಸ್ತಕದ ಪ್ರತಿಯೊಂದು ಪ್ರತಿಯೂ ಎಲ್ಲಿದೆ ಎಂದು ಕ್ಯಾಟಲಾಗ್‌ನಲ್ಲಿ ಬರೆದಿಟ್ಟು, ಹೊಸದನ್ನು ಕೊಡುವಾಗ ಹಳೆಯದನ್ನು ಕೈಯಾರೆ ವಾಪಸ್ ಪಡೆಯಿರಿ. ತೆಗೆದ ಪುಸ್ತಕದ ದಾಖಲೆಯನ್ನೂ ಅಳಿಸಿ, ಇಲ್ಲದ ಪುಸ್ತಕವನ್ನು ಜನ ಹುಡುಕುತ್ತಾ ಅಲೆಯಬಾರದು. ದಾನ ಪಡೆಯುವುದಕ್ಕೆ ಲಿಖಿತ ನಿಯಮ ಮಾಡಿಕೊಳ್ಳಿ: ಎಷ್ಟು ವರ್ಷದೊಳಗಿನದು ಬೇಕು, ಬೇಡವಾದದ್ದನ್ನು ಏನು ಮಾಡುತ್ತೀರಿ, ಎರಡೂ ಅದರಲ್ಲಿರಲಿ. ಆ ಹಾಳೆ ತೋರಿಸಿದರೆ ಹಿರಿಯ ವೈದ್ಯರಿಗೂ ‘ಇಲ್ಲ’ ಅನ್ನುವುದು ಕಷ್ಟವಲ್ಲ.

ಮುದ್ರಿತ ಜರ್ನಲ್‌ಗಳ ವಿಷಯದಲ್ಲಿ ಆತುರ ಬೇಡ. ‘ಆನ್‌ಲೈನ್‌ನಲ್ಲಿದೆ’ ಎಂದು ಹಳೆಯ ಸಂಪುಟ ತೆಗೆಯುವ ಮೊದಲು ಒಪ್ಪಂದ ಓದಿ. ಚಂದಾ ನಿಂತರೆ ಹಳೆಯ ವರ್ಷಗಳ ಬಾಗಿಲೂ ಮುಚ್ಚುವಂಥ ಒಪ್ಪಂದಗಳಿವೆ.

ಪ್ರಶ್ನೆ: ರೋಗಿಯ ಮನೆಯವರು ಬಂದು ರೋಗದ ಬಗ್ಗೆ ಓದಲು ಕೇಳಿದರೆ ಕೊಡಬಹುದೇ?

ಉತ್ತರ: ಧಾರಾಳವಾಗಿ ಕೊಡಿ. ಸಂಶೋಧನಾ ಲೇಖನ ಬೇಡ, ಮೆಡ್‌ಲೈನ್‌ಪ್ಲಸ್‌ನಂಥ ಜಾಲತಾಣದಿಂದ ಸರಳ ಭಾಷೆಯ ಹಾಳೆ ಕೊಡಿ, ಅದನ್ನು ಕೊನೆಯ ಸಲ ಪರಿಷ್ಕರಿಸಿದ ತಾರೀಖು ನೋಡಿಕೊಂಡು. ರಿಪೋರ್ಟ್ ತೋರಿಸಿ ‘ಇದು ಕ್ಯಾನ್ಸರ್ರಾ?’ ಎಂದು ಕೇಳಿದರೆ ವಿವರಿಸಲು ಹೋಗಬೇಡಿ. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಳ್ಳಲು ನೆರವಾಗಿ. ಅವರು ಹೊರಟ ಮೇಲೆ ಪ್ರಿಂಟರ್‌ನಲ್ಲಿ ಉಳಿದ ಹಾಳೆ ತೆಗೆದು, ಬ್ರೌಸರ್‌ನ ಹುಡುಕಾಟದ ಇತಿಹಾಸ ಅಳಿಸಿಬಿಡಿ.