ಕುರ್ಚಿ ಮೇಲೆ ಕೂತರೂ ಧ್ಯಾನವೇ

ಪುಣೆಯ ಕೋಥ್ರೂಡಿನಲ್ಲಿರುವ ಹುಬ್ಬಳ್ಳಿ ಕಡೆಯ ಮಹಿಳೆ, ವಯಸ್ಸು ಐವತ್ತೈದರ ಆಸುಪಾಸು. ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬ್ಯಾಂಕಿನ ಕೆಲಸ ಬಿಟ್ಟವರು. ಗಂಡ ತೀರಿಕೊಂಡು ವರ್ಷವಾಗಿತ್ತು. ನಿದ್ದೆ ಬರಲ್ಲ ಅಂತ ನನ್ನ ಹತ್ತಿರ ಮಾತಾಡಲು ಬಂದಿದ್ದರು, ಮಾತೆಲ್ಲ ಮಾತ್ರ ಮಂಡಿಯದೇ. ದಿನಾ ಬೆಳಿಗ್ಗೆ ಪದ್ಮಾಸನ ಹಾಕಿ ಧ್ಯಾನಕ್ಕೆ ಕೂರುತ್ತಿದ್ದರು, ಸ್ವಲ್ಪ ಹೊತ್ತಿಗೇ ಕಾಲು ಜೋಮು ಹಿಡಿಯುತ್ತಿತ್ತು, ಬಲಮಂಡಿಯ ಒಳಬದಿ ಚುಚ್ಚುತ್ತಿತ್ತು, ಆದರೂ ಹಲ್ಲು ಕಚ್ಚಿ ಕೂತಿರುತ್ತಿದ್ದರು.

ಕುರ್ಚಿ ಮೇಲೆ ಕೂರಬಹುದಲ್ವಾ ಅಂದೆ.

"ಕುರ್ಚಿ ಮ್ಯಾಲೆ ಕುಂತ್ರ ಅದು ಧ್ಯಾನ ಅನಸಂಗಿಲ್ರಿ ಮೇಡಂ. ನಮ್ಮವ್ವ ಕಟಗಿ ಮಣಿ ಮ್ಯಾಲೆ ಕುಂತು ತಾಸುಗಟ್ಲೆ ಜಪ ಮಾಡ್ತಿದ್ಳು."

ಅವ್ವ ರೊಟ್ಟಿ ಬಡಿದದ್ದು, ಕಾಳು ಆರಿಸಿದ್ದು, ಉಂಡದ್ದು ಎಲ್ಲ ನೆಲದ ಮೇಲೆ. ಮಗಳು ದುಡಿದದ್ದು ಕೌಂಟರಿನ ಹಿಂದೆ, ಕುರ್ಚಿಯಲ್ಲಿ. ಸೊಂಟದ ಕೀಲು ಹೊರಕ್ಕೆ ಸಾಕಷ್ಟು ತಿರುಗದಿದ್ದರೆ ಪದ್ಮಾಸನದ ತಿರುಚೆಲ್ಲ ಮಂಡಿಗೆ ಬೀಳುತ್ತದೆ, ಮಂಡಿಯೋ ಮಡಚಿ ಬಿಚ್ಚುವ ಕೀಲು, ಅಷ್ಟು ತಿರುಚಿದರೆ ತಡೆಯಲ್ಲ. ಇದರಲ್ಲಿ ಭಕ್ತಿಯ ಕೊರತೆ ಏನೂ ಇಲ್ಲ.

ಪತಂಜಲಿಯ ಯೋಗಸೂತ್ರದ ಎರಡನೇ ಪಾದದಲ್ಲಿ, 46ನೇ ಸೂತ್ರ, ಆಸನ ಸ್ಥಿರವಾಗಿ ಸುಖವಾಗಿ ಇರಬೇಕು ಅಂತಷ್ಟೇ ಇದೆ. ಕಾಲು ಹೀಗೇ ಮಡಚಬೇಕು ಅಂತಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಪುಣೆಯಲ್ಲೇ ನೆಲೆ ನಿಂತ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಕೂಡ ಕಂಬಳಿ, ಕುರ್ಚಿ, ಮರದ ಇಟ್ಟಿಗೆ, ಬೆಲ್ಟು ಎಲ್ಲವನ್ನೂ ಆಸರೆಗೆ ಬಳಸಿ ಆಸನ ಕಲಿಸಿದವರು. ಇದನ್ನು ಕೇಳಿದ ಮೇಲೆ ಈ ಮಹಿಳೆಯ ಹಟ ಸ್ವಲ್ಪ ಸಡಿಲವಾಯಿತು.

ಇಲ್ಲೇ ಕೂತು ತೋರಿಸಿ ಅಂದೆ. ಚಕ್ಕಳಮಕ್ಕಳ ಹಾಕಿದರೂ ಎರಡೂ ಮಂಡಿ ಸೊಂಟಕ್ಕಿಂತ ಮೇಲೆ, ಬೆನ್ನು ಗೂನು, ಉಸಿರು ಎದೆಯಲ್ಲೇ ಸಿಕ್ಕಿಕೊಂಡ ಹಾಗೆ. ಎರಡು ಕಂಬಳಿ ಮಡಚಿ ಕೆಳಗಿಟ್ಟೆ, ಬೆನ್ನೇನೋ ನೆಟ್ಟಗಾಯಿತು, ಮಂಡಿ ಇಳಿಯಲಿಲ್ಲ. ಆಮೇಲೆ ಗಟ್ಟಿ ಸೀಟಿನ ಕುರ್ಚಿ. ಒರಗದೆ, ಮುಂದಿನ ಅರ್ಧದಲ್ಲಿ ಕೂರಿಸಿದೆ, ಸೊಂಟ ಮಂಡಿಗಿಂತ ಒಂಚೂರು ಮೇಲೆ ಬರಬೇಕು. ಕುಳ್ಳಗಿದ್ದಾರೆ, ಪಾದ ನೆಲಕ್ಕೆ ಪೂರ್ತಿ ಊರಲಿಲ್ಲ, ಒಂದು ಕಂಬಳಿಯನ್ನು ಪಾದದಡಿ ಹಾಕಿದೆವು. ಕೈ ತೊಡೆಯ ಮೇಲೆ, ಭುಜ ಸಡಿಲ.

ಮುಂದಿನ ಸಲ ಬಂದವರು ಅತ್ತೇಬಿಟ್ಟರು. "ಮಣಕಾಲು ನೋಯಾಕತ್ತಿದ್ರ ನಮ್ಮನಿಯವರ ನೆನಪು ಬರ್ತಿದ್ದಿಲ್ರಿ. ಈಗ ಆರಾಮ ಕುಂತ್ರ ದವಾಖಾನಿನೇ ಕಣ್ಮುಂದ ಬರತೈತಿ."

ಆ ನೋವನ್ನು ಅವರು ಯಾಕೆ ಬಿಡುತ್ತಿರಲಿಲ್ಲ ಅನ್ನುವುದು ಇಲ್ಲಿ ತಿಳಿಯಿತು.

ನಾನು ಹೇಳಿದ್ದಿಷ್ಟು. ಸದ್ಯಕ್ಕೆ ಹತ್ತು ನಿಮಿಷ ಸಾಕು, ಜಾಸ್ತಿ ಬೇಡ. ನೆನಪು ಉಕ್ಕಿ ಬಂದರೆ ಕಣ್ಣು ತೆರೆಯಿರಿ, ಪಾದ ನೆಲಕ್ಕೆ ತಾಗುವುದನ್ನು ಗಮನಿಸಿ, ಅಳು ಬಂದರೆ ಅತ್ತುಬಿಡಿ, ತೀರಾ ತಡೆಯಲಾಗದಿದ್ದರೆ ಆ ದಿನ ಎದ್ದುಬಿಡಿ. ಕಾಲು ಜೋಮು ಹಿಡಿದರೆ ಅಲುಗಾಡಿಸಿ, ಸ್ಪರ್ಶ ಪೂರ್ತಿ ಬಂದ ಮೇಲೇ ಏಳಿ, ಇಲ್ಲದಿದ್ದರೆ ಬೀಳುತ್ತೀರಿ. ಮಂಡಿಯನ್ನು ಮೂಳೆ ಡಾಕ್ಟರಿಗೆ ತೋರಿಸಲೇಬೇಕು, ಚುಚ್ಚುವ ನೋವನ್ನು ಸಾಧನೆ ಅಂತ ಸಹಿಸಬೇಡಿ. ಆಸ್ಪತ್ರೆಯ ಆ ದಿನಗಳ ಬಗ್ಗೆ ಒಬ್ಬರೇ ಕೂತು ಯೋಚಿಸುವುದು ಬೇಡ, ನನ್ನೆದುರು ಮಾತಾಡೋಣ. ಈಗ ವಾರಕ್ಕೊಮ್ಮೆ ಅದನ್ನೇ ಮಾತಾಡುತ್ತಿದ್ದೇವೆ.