ಹುಣಸೆ ಬೀಜದ ಗಂಜಿಯಿಂದಲೇ ಪೇಪರ್ ಗಟ್ಟಿಯಾಗುವಾಗ ಎಂಜೈಮ್ ಯಾಕೆ?

ಕೈಕಾಗದಕ್ಕೆ ಹುಣಸೆ ಬೀಜದ ಗಂಜಿ ಬೆರೆಸಿದರೆ ಸಾಕಲ್ವಾ, ಅದನ್ನು ಎಂಜೈಮ್‌ನಿಂದ ಬದಲಿಸುವುದು ಯಾಕೆ ಅಂತ ಕೇಳಿದ್ದೀರಿ. ಪೇಪರ್ ಒಣಗಿಯೇ ಇರುತ್ತದೆ ಅಂದರೆ ಗಂಜಿ ಸಾಕು. ಒದ್ದೆಯಾದಾಗಲೂ ಹರಿಯಬಾರದು ಅಂದರೆ ಸಾಲದು.

ನಾನು ಮಡಕಶಿರಾದವನು, ಪೇಪರ್ ಮಿಲ್ ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದೇನೆ. ಪಕ್ಕದ ಹಿಂದೂಪುರದ ಮಾರ್ಕೆಟ್‌ಗೆ ಬರುವ ಹುಣಸೆಹಣ್ಣಿಗೆ ಒಳ್ಳೆ ಹೆಸರು. ಅದರ ಬೀಜಕ್ಕೆ ಆ ಮರ್ಯಾದೆ ಇಲ್ಲ. ಆದರೆ ಕಂಬಳಿ ನೇಯುವವರಿಗೆ ಅದರ ಬೆಲೆ ಮೊದಲಿಂದಲೂ ಗೊತ್ತು, ನೂಲಿಗೆ ಅದರದೇ ಗಂಜಿ ಹಚ್ಚುತ್ತಾರೆ.

ಪೇಪರ್ ಅಂದರೆ ಸೆಲ್ಯುಲೋಸ್ ನಾರು. ಹುಣಸೆ ಬೀಜದ ಗಂಜಿಯಲ್ಲಿರುವ ಮುಖ್ಯ ವಸ್ತು ಕ್ಸೈಲೋಗ್ಲುಕಾನ್. ಅದರ ಬೆನ್ನೆಲುಬೂ ಸೆಲ್ಯುಲೋಸ್‌ನಂತೆಯೇ ಗ್ಲೂಕೋಸ್ ಸರಪಳಿ. ಹಾಗಾಗಿ ನಾರಿಗೆ ಚೆನ್ನಾಗಿ ಅಂಟಿ, ಒಣಗಿದ ಹಾಳೆಗೆ ಬಲ ಕೊಡುತ್ತದೆ. ಆದರೆ ಈ ಹಿಡಿತವೆಲ್ಲ ಹೈಡ್ರೋಜನ್ ಬಂಧದ್ದು. ನೀರು ಬಿದ್ದರೆ ಸಡಿಲ.

ಎಂಜೈಮ್ ಕೆಲಸಕ್ಕೆ ಬರುವುದು ಇಲ್ಲೇ. ಕ್ಸೈಲೋಗ್ಲುಕಾನ್‌ನ ಕೆಲವು ಕವಲುಗಳ ತುದಿಯಲ್ಲಿ ಗ್ಯಾಲಕ್ಟೋಸ್ ಅನ್ನೋ ಸಕ್ಕರೆ ಇರುತ್ತದೆ. ಗ್ಯಾಲಕ್ಟೋಸ್ ಆಕ್ಸಿಡೇಸ್ ಅನ್ನೋ ಎಂಜೈಮ್ ಆ ಗ್ಯಾಲಕ್ಟೋಸ್‌ನ 6ನೇ ಕಾರ್ಬನ್ ಅನ್ನು ಮಾತ್ರ ಆಲ್ಡಿಹೈಡ್, ಅಂದರೆ ಬೇರೆಯದರ ಜೊತೆ ಸುಲಭವಾಗಿ ಬಂಧ ಕಟ್ಟುವ ಗುಂಪು, ಮಾಡುತ್ತದೆ. ಬೆನ್ನೆಲುಬು ಮುಟ್ಟುವುದಿಲ್ಲ. ಪೆರಿಅಯೊಡೇಟ್‌ನಂಥ ರಾಸಾಯನಿಕ ಹಾಕಿದರೆ ಸಕ್ಕರೆಯ ಉಂಗುರವೇ ಒಡೆದು ಸರಪಳಿ ತುಂಡಾಗುತ್ತದೆ. ನನಗೆ ಈ ಎಂಜೈಮ್ ಇಷ್ಟವಾಗುವುದು ಅದಕ್ಕೇ. ಹಾಳೆ ಒಣಗುವಾಗ ಆ ಆಲ್ಡಿಹೈಡ್‌ಗಳು ನಾರಿನ ಹೈಡ್ರಾಕ್ಸಿಲ್ (OH) ಗುಂಪುಗಳ ಜೊತೆ ಹೆಮಿಅಸಿಟಾಲ್ ಅನ್ನೋ ರಾಸಾಯನಿಕ ಬಂಧ ಕಟ್ಟುತ್ತವೆ. ಒದ್ದೆಯಾದರೂ ಇದು ತಕ್ಷಣ ಬಿಡುವುದಿಲ್ಲ, ತುಂಬಾ ಹೊತ್ತು ನೆನೆದರೆ ನಿಧಾನಕ್ಕೆ ಬಿಡುತ್ತದೆ. ಟಿಶ್ಯೂ ಪೇಪರ್‌ಗೆ ಬೇಕಾದದ್ದೂ ಅದೇ. ಇದರ ಬದಲು, ಒದ್ದೆಯಲ್ಲೂ ಹರಿಯದಂತೆ ಮಾಡುವ ಎಪಿಕ್ಲೋರೋಹೈಡ್ರಿನ್ ರಾಳ ಹಾಕಿದ ಪೇಪರ್ ಅನ್ನು ಮತ್ತೆ ಪಲ್ಪ್ (ನಾರಿನ ಮುದ್ದೆ) ಮಾಡೋದು ಕಷ್ಟ.

ತೊಂದರೆಗಳೂ ಇವೆ. ಎಂಜೈಮ್ ದುಬಾರಿ. ಅದಕ್ಕೆ ತಾಮ್ರ ಬೇಕು, ಆಮ್ಲಜನಕ ಬೇಕು. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿ ಎಂಜೈಮ್ ಅನ್ನೇ ಕೆಡಿಸುತ್ತದೆ. ಅದನ್ನು ಒಡೆಯಲು ಕ್ಯಾಟಲೇಸ್ ಅಂತ ಇನ್ನೊಂದು ಎಂಜೈಮ್ ಹಾಕಬೇಕು.

ನಿಮ್ಮದು ಗ್ರೀಟಿಂಗ್ ಕಾರ್ಡ್, ಫೈಲ್ ಅಂತ ಬರೆದಿದ್ದೀರಿ. ಅದಕ್ಕೆ ಎಂಜೈಮ್ ಬೇಡ. ಬೀಜ ಹುರಿದು ಕಂದು ಸಿಪ್ಪೆ ಪೂರ್ತಿ ತೆಗೆಯಿರಿ. ಸಿಪ್ಪೆಯಲ್ಲಿ ಟ್ಯಾನಿನ್ ಇದೆ, ಹಾಳೆ ಕಂದಾಗುತ್ತದೆ. ನುಣ್ಣಗೆ ಪುಡಿ ಮಾಡಿ, ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ತೆಳ್ಳಗೆ ಕುದಿಸಿ. ಸೋಸಿ ಪಲ್ಪ್‌ಗೆ ಬೆರೆಸಿ. ಗಂಜಿ ಬೇಗ ಹುಳಿಯುತ್ತದೆ, ಅವತ್ತಿನದು ಅವತ್ತೇ ಮುಗಿಸಿ.